ಭರಣಿಯೊಳಗೆ ಬೂಷ್ಟು ಬಾರದ ಹಾಗೆ

ಸಿಂಧನೂರು ಸೀಮೆಯವರಿಗೆ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ಹಿಂಗಾರಿಯ ಬಿಳಿಜೋಳ ಎರೆಹೊಲದಲ್ಲಿ ಉಳಿದ ಹಸಿಯಲ್ಲೇ ತೆನೆ ಕಟ್ಟುತ್ತದೆ. ಎಡದಂಡೆ ಕಾಲುವೆಯ ಕೊನೆ ಭಾಗದ ರೈತರು ತುಂಗಭದ್ರೆಯ ನೀರಿಗೆ ಕಣ್ಣು ನೆಟ್ಟು ಕೂರುತ್ತಾರೆ. ಇಂಥ ನಾಡಿನಲ್ಲಿ ಗಾಜಿನ ಭರಣಿಯೊಳಗೆ ತೋಟ ಮಾಡಹೊರಟವರು ಮೊದಲು ಕಲಿಯಬೇಕಾದದ್ದು ನೀರು ಹಾಕದೆ ಇರುವುದನ್ನು. ಹೊರಗೆ ಬಿಸಿಲು ಕಾಯುತ್ತಿರುವಾಗ ಪುಟ್ಟ ಜರಿಗಿಡ ಕಂಡರೆ ಕೈ ತಾನಾಗಿ ತಂಬಿಗೆಗೆ ಹೋಗುತ್ತದೆ. ಕೆಲವೇ ದಿನಗಳಲ್ಲಿ ಮಣ್ಣಿನ ಮೇಲೆ ಹಿಂಜಿದ ಹತ್ತಿಯಂಥ ಬಿಳಿ ಬೂಷ್ಟು!

ಮುಚ್ಚಿದ ಗಾಜಿನೊಳಗೆ ನೀರು ಖರ್ಚಾಗುವುದಿಲ್ಲ. 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನೊಡನೆ ಬಾಟಲಿಯಲ್ಲಿಟ್ಟು ಮುಚ್ಚಿದ್ದ. ಅವನು ಕಾದದ್ದು ಪತಂಗಕ್ಕೆ, ಮೊಳೆತದ್ದು ಜರಿಗಿಡ ಮತ್ತು ಹುಲ್ಲು. ಹಗಲು ಮೇಲೇರಿದ ಆವಿ ಗಾಜಿಗೆ ತಾಗಿ ಹನಿಯಾಗಿ ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. 1833ರಲ್ಲಿ ಅವನ ಗಾಜಿನ ಪೆಟ್ಟಿಗೆಗಳು ಗಿಡ ಹೊತ್ತು ಹಡಗಿನಲ್ಲಿ ಸಿಡ್ನಿಗೂ ಹೋದವು. ನಾವು ಹೆಚ್ಚಾಗಿ ಸುರಿದ ಒಂದು ಚಮಚ ನೀರೂ ಹಾಗೆಯೇ ಒಳಗೇ ಸುತ್ತುತ್ತಿರುತ್ತದೆ.

ಆದ್ದರಿಂದ ಬೂಷ್ಟು ತಡೆಯುವ ಕೆಲಸವೆಲ್ಲ ಮುಚ್ಚಳ ಹಾಕುವುದಕ್ಕೆ ಮೊದಲೇ ಮುಗಿಯಬೇಕು. ತಳಕ್ಕೆ ತೊಳೆದ ಜಲ್ಲಿಕಲ್ಲು. ಮಸ್ಕಿಯ ಸುತ್ತ ಕಲ್ಲಿಗೇನು ಬರ? ಅದರ ಮೇಲೆ ಇದ್ದಿಲ ಚೂರು. ಭತ್ತದ ಹೊಟ್ಟನ್ನು ಕರಿಯಾಗುವಷ್ಟೇ ಸುಟ್ಟು, ತೊಳೆದು, ಒಣಗಿಸಿಯೂ ಹಾಕಬಹುದು. ಸುಟ್ಟು ಬೂದಿಯಾದದ್ದು ಬೇಡ. ಆಮೇಲೆ ಮಣ್ಣು. ಇಲ್ಲಿ ನಾನೂ ಎಡವಿದ್ದೇನೆ. ಹೊಲದ ಎರೆಮಣ್ಣಿಗಿಂತ ಒಳ್ಳೆಯ ಮಣ್ಣು ಉಂಟೇ ಎಂಬ ಅಭಿಮಾನದಿಂದ ಅದನ್ನೇ ತುಂಬಿದೆ. ಹೊಲದಲ್ಲಿ ಜೋಳವನ್ನು ಬದುಕಿಸುವ ಗುಣವೇ ಭರಣಿಯಲ್ಲಿ ಬೇರನ್ನು ಕೊಳೆಸಿತು: ಎರೆ ನೀರು ಕುಡಿದು ಉಬ್ಬುತ್ತದೆ, ಗಾಳಿಯಾಡಲು ಸಂದು ಬಿಡುವುದಿಲ್ಲ. ಮಸಾರಿ ಮಣ್ಣು, ಹಳ್ಳದ ಮರಳು, ತೆಂಗಿನ ನಾರಿನ ಪುಡಿ ಬೆರೆಸಿದರೆ ಸಾಕು. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಹಿಂಡಿದರೆ ಹನಿ ಬೀಳಬಾರದು. ಅಲಂಕಾರಕ್ಕಿಡುವ ಕಟ್ಟಿಗೆಯ ತುಂಡನ್ನು ಕುದಿಸಿ ಒಣಗಿಸಿ. ಬಾಡಿದ ಎಲೆ ಒಂದೂ ಒಳಗೆ ಹೋಗಬಾರದು, ಬೂಷ್ಟಿಗೆ ಅದೇ ಊಟ.

ಲಿಂಗಸುಗೂರು ಕಡೆಯ ಹಿರಿಯರಿಗೆ ಇದು ಹೊಸ ಮಾತಲ್ಲ. ಜೋಳ ತುಂಬುವ ನೆಲದೊಳಗಿನ ಹಗೇವಿಗೆ ಒಳಗೋಡೆಗುಂಟ ಕಣಿಕೆ, ಹೊಟ್ಟು ಕೊಟ್ಟು, ಚೆನ್ನಾಗಿ ಒಣಗಿದ ಕಾಳನ್ನಷ್ಟೇ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಕಾಳು ಉಸಿರಾಡಿ ಒಳಗಿನ ಆಮ್ಲಜನಕ ತೀರಿದಾಗ ಹುಳ ಸಾಯುತ್ತಿತ್ತು. ತೆರೆದಾಗ ದೀಪ ಇಳಿಸಿ ನೋಡದೆ ಮನುಷ್ಯರೂ ಇಳಿಯುತ್ತಿರಲಿಲ್ಲ. ಬೂಷ್ಟು ಹಿಡಿಯುತ್ತಿದ್ದದ್ದು ಗೋಡೆಯ ತೇವ ತಾಗಿದ ಅಂಚಿನ ಕಾಳಿಗೆ. ಹಗೇವಿಗೆ ಪೂರ್ತಿ ಒಣಗಿದ್ದು ಬೇಕು, ಭರಣಿಗೆ ಸ್ವಲ್ಪ ಹಸಿ ಬೇಕು. ಆದರೆ ಬಾಯಿ ಮುಚ್ಚುವಾಗ ಒಳಗೆಷ್ಟು ತೇವ ಹೋಯಿತು ಎಂಬ ಲೆಕ್ಕ ಎರಡರಲ್ಲೂ ಒಂದೇ.

ಇಷ್ಟಾದರೂ ಬೂಷ್ಟು ಬಂದರೆ? ಹೊಸ ಭರಣಿಯ ಕಟ್ಟಿಗೆಯ ಮೇಲೆ ಮೊದಲ ವಾರಗಳಲ್ಲಿ ಕಾಣುವ ತೆಳು ಬಿಳುಪಿಗೆ ಹೆದರಬೇಕಿಲ್ಲ, ಎಷ್ಟೋ ಸಲ ತಾನಾಗಿ ಇಳಿಯುತ್ತದೆ. ಎಲೆಗೆ ಹತ್ತಿದ್ದರೆ ಕತ್ತರಿಸಿ ಚಿಮಟದಿಂದ ಎತ್ತಿಬಿಡಿ. ಮುಚ್ಚಳವನ್ನು ದಿನಕ್ಕೆ ಕೆಲವು ಗಂಟೆ ತೆಗೆದಿಡಿ, ಗಾಜಿನ ಹನಿಯನ್ನು ಬಟ್ಟೆಯಿಂದ ಒರೆಸಿ. ಕಲ್ಲು, ಕಟ್ಟಿಗೆಯ ಮೇಲಿನದಕ್ಕೆ ಔಷಧಿ ಅಂಗಡಿಯಲ್ಲಿ ಸಿಗುವ ಶೇಕಡಾ 3ರ ಹೈಡ್ರೋಜನ್ ಪೆರಾಕ್ಸೈಡ್ ಅನ್ನು ಹತ್ತಿಕಡ್ಡಿಯಿಂದ ಮುಟ್ಟಿಸಿದರೆ ನೊರೆ ಬರುತ್ತದೆ. ಅದನ್ನು ಒರೆಸಿ ತೆಗೆಯಬಹುದು. ಮಣ್ಣೆಲ್ಲ ಹುಳಿ ವಾಸನೆ ಹೊಡೆಯುತ್ತಿದ್ದರೆ ಮಾತ್ರ ಬಿಚ್ಚಿ ಮತ್ತೆ ಕಟ್ಟುವುದೇ ಲೇಸು.

ಬೂಷ್ಟು ತೆಗೆಯುವುದಕ್ಕೆ ನನಗೆ ಬಲು ಮೆಚ್ಚುಗೆಯ ಕೂಲಿಯಾಳೂ ಒಂದಿದೆ. ಒದ್ದೆ ಕುಂಡದ ಕೆಳಗೆ ಎಳ್ಳಿಗಿಂತ ಚಿಕ್ಕದಾದ, ಮುಟ್ಟಿದರೆ ಚಿಮ್ಮುವ ಬಿಳಿ ಜೀವಿ ನೋಡಿರಬಹುದು, ಸ್ಪ್ರಿಂಗ್‌ಟೇಲ್ ಎನ್ನುತ್ತಾರೆ. ಬೂಷ್ಟನ್ನೇ ಮೇಯುತ್ತದೆ, ಬದುಕಿರುವ ಗಿಡದ ಗೊಡವೆಗೆ ಸಾಮಾನ್ಯವಾಗಿ ಹೋಗುವುದಿಲ್ಲ. ನಾಲ್ಕಾರನ್ನು ಒಳಗೆ ಬಿಟ್ಟರೆ ಹೆಚ್ಚಿಕೊಂಡು ದುಡಿಯುತ್ತವೆ.

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಭರಣಿಯನ್ನು ಕಿಟಕಿಯ ನೇರ ಬಿಸಿಲಿಗಿಟ್ಟರೆ ಗಿಡ ಬೆಂದುಹೋಗುತ್ತದೆ, ಬೆಂದ ಎಲೆಗೆ ಮತ್ತೆ ಬೂಷ್ಟು. ಪಡಸಾಲೆಯಲ್ಲಿ ಬೆಳಕಿದ್ದೂ ಬಿಸಿಲು ಬೀಳದ ಕಡೆ ಇಡಿ. ಬೆಳಿಗ್ಗೆ ಗಾಜು ಮಬ್ಬಾಗಿದ್ದು ಮಧ್ಯಾಹ್ನದ ಹೊತ್ತಿಗೆ ತಿಳಿಯಾದರೆ ನೀರು ಸರಿಯಾಗಿದೆ ಎಂದರ್ಥ. ತಂಬಿಗೆಯನ್ನು ಅಡುಗೆಮನೆಯಲ್ಲೇ ಬಿಟ್ಟು ಬನ್ನಿ.