ಎರಡು ಪ್ರತಿಗಳ ತಕರಾರು

ಒಂದೇ ಫೈಲನ್ನು ಎರಡು ಸರ್ವರುಗಳಲ್ಲಿ ಇಟ್ಟರೆ ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತದೆ. ಲೆಕ್ಕ ಸರಿಯೇ. ಆದರೆ ಎರಡೂ ಕೆಡದೆ, ಎರಡೂ ಬೇರೆ ಬೇರೆ ಹೇಳತೊಡಗಿದರೆ?

ಗ್ಲಸ್ಟರ್‌ಎಫ್‌ಎಸ್ ಬಳಸುವವರಿಗೆ ಈ ಪೇಚು ಗೊತ್ತು. ಹಲವು ಸರ್ವರುಗಳ ಡಿಸ್ಕುಗಳನ್ನು ಒಂದುಗೂಡಿಸಿ ಒಂದೇ ದೊಡ್ಡ ಫೋಲ್ಡರಿನಂತೆ ತೋರಿಸುವ ತಂತ್ರಾಂಶ ಇದು. ಇದರ ಹಿಂದಿದ್ದ ಗ್ಲಸ್ಟರ್ ಕಂಪನಿಯ ಕಚೇರಿ ಕ್ಯಾಲಿಫೋರ್ನಿಯಾದಲ್ಲಿದ್ದರೂ ಎಂಜಿನಿಯರುಗಳ ದೊಡ್ಡ ತಂಡ ಇದ್ದದ್ದು ಬೆಂಗಳೂರಿನಲ್ಲಿ. 2011ರಲ್ಲಿ ರೆಡ್ ಹ್ಯಾಟ್ ಅದನ್ನು ಸುಮಾರು 13.6 ಕೋಟಿ ಡಾಲರಿಗೆ ಕೊಂಡಿತು. ಈ ತಂತ್ರಾಂಶದಲ್ಲಿ ಪ್ರತಿ ಸರ್ವರು ಕೊಡುವ ಜಾಗಕ್ಕೆ ‘ಬ್ರಿಕ್’ ಎನ್ನುತ್ತಾರೆ. ಯಾವ ಫೈಲು ಎಲ್ಲಿದೆ ಎಂದು ಬರೆದಿಡುವ ಕೇಂದ್ರ ರಿಜಿಸ್ಟರ್ ಇಲ್ಲ. ಫೈಲಿನ ಹೆಸರಿನ ಮೇಲೆ ಗಣಿತ ಹಾಕಿ ಜಾಗ ಕಂಡುಕೊಳ್ಳುತ್ತದೆ.

ಫೋಲ್ಡರು ಇದ್ದಕ್ಕಿದ್ದಂತೆ ಸ್ತಬ್ಧವಾಗಿ, ಮುಕ್ಕಾಲು ನಿಮಿಷದೊಳಗೆ ತಾನಾಗಿ ಚೇತರಿಸಿಕೊಂಡರೆ ಒಂದು ಬ್ರಿಕ್ಕಿನ ಸಂಪರ್ಕ ಕಡಿದಿದೆ ಎಂದೇ ಮೊದಲ ಅನುಮಾನ. ಉತ್ತರ ಕೊಡದ ಸರ್ವರಿಗೆ ಗ್ಲಸ್ಟರ್ 42 ಸೆಕೆಂಡು ಕಾಯುತ್ತದೆ. ‘ಪೀರ್ ಸ್ಟೇಟಸ್’ ಕೇಳಿ, ‘ವಾಲ್ಯೂಮ್ ಸ್ಟೇಟಸ್’ ನೋಡಿ, ಫೈರ್‌ವಾಲಿನಲ್ಲಿ 24007ನೇ ಪೋರ್ಟೂ 49152ರಿಂದ ಮುಂದಿನ ಬ್ರಿಕ್ ಪೋರ್ಟುಗಳೂ ತೆರೆದಿವೆಯೇ ಪರೀಕ್ಷಿಸಿದರೆ ಬಹಳಷ್ಟು ಸಲ ಕೆಲಸ ಮುಗಿಯಿತು.

ಮುಗಿಯದ ಕಾಯಿಲೆಯ ಹೆಸರು ಸ್ಪ್ಲಿಟ್ ಬ್ರೈನ್. ಇಲ್ಲಿ ಎರಡೂ ಪ್ರತಿಗಳಿಗೆ ಬರೆಯುವುದು ಬಳಕೆದಾರನ ಕಡೆಯ ಯಂತ್ರವೇ. ನೆಟ್‌ವರ್ಕ್ ಹರಿದಾಗ ಒಂದು ಯಂತ್ರಕ್ಕೆ ಮೊದಲ ಬ್ರಿಕ್ ಮಾತ್ರ ಸಿಗುತ್ತದೆ, ಇನ್ನೊಂದಕ್ಕೆ ಎರಡನೆಯದು. ಎರಡೂ ಯಂತ್ರಗಳು ಬರೆಯುತ್ತವೆ. ‘ಆಚೆಯ ಪ್ರತಿ ಹಳತು’ ಎಂಬ ಗುರುತನ್ನು ಎರಡೂ ಬ್ರಿಕ್ಕುಗಳು ತಮ್ಮಲ್ಲಿ ಇಟ್ಟುಕೊಳ್ಳುತ್ತವೆ. ನೆಟ್‌ವರ್ಕ್ ಕೂಡಿಕೊಂಡ ಮೇಲೆ ಪರಸ್ಪರ ದೂರು; ಫೈಲು ತೆರೆಯಹೋದವನಿಗೆ ಬರೀ ಇನ್‌ಪುಟ್/ಔಟ್‌ಪುಟ್ ಎರರ್.

ರಾಯಚೂರು ಜಿಲ್ಲೆಯ ಸಂತೆಕಲ್ಲೂರಿನ ಕಡೆಯವರಿಗೆ ಪ್ರತಿಗಳ ಈ ಸಮಸ್ಯೆ ಹೊಸದೇನಲ್ಲ, ಪಕ್ಕದ ಮಸ್ಕಿಯಲ್ಲೇ ಇದೆ. ಅಶೋಕನ ಒಂದೇ ಕಿರುಶಾಸನದ ಪ್ರತಿಗಳು ಮಸ್ಕಿಯಲ್ಲೂ ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲೂ ಇವೆ. ಕೊಪ್ಪಳದವು ರಾಜನನ್ನು ‘ದೇವಾನಾಂಪಿಯ’ ಎಂದಷ್ಟೇ ಕರೆದರೆ, 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಬೆಳಕಿಗೆ ತಂದ ಮಸ್ಕಿಯ ಬಂಡೆ ‘ಅಸೋಕ’ ಎಂಬ ಹೆಸರನ್ನೇ ಹೇಳುತ್ತದೆ. ಹೆಚ್ಚಿನ ಪ್ರತಿಗಳಲ್ಲಿ ಇಲ್ಲದ್ದು ತಪ್ಪು ಎಂದು ಯಾರಾದರೂ ಅದನ್ನು ಉಜ್ಜಿಹಾಕಿದ್ದರೆ!

ಸರ್ವರ್ ನೋಡಿಕೊಳ್ಳುವವರು ಮಾಡುವುದು ಹೆಚ್ಚುಕಡಿಮೆ ಅದನ್ನೇ. ‘ದೊಡ್ಡ ಫೈಲು ಉಳಿಯಲಿ’, ‘ಕೊನೆಗೆ ತಿದ್ದಿದ್ದು ಉಳಿಯಲಿ’, ‘ಈ ಬ್ರಿಕ್ಕಿನದು ಉಳಿಯಲಿ’ ಎಂದು ಆರಿಸಲು ಗ್ಲಸ್ಟರಿನಲ್ಲಿ ಆಜ್ಞೆಗಳಿವೆ. ಮೂರೂ ಅನುಕೂಲವೇ, ಮೂರೂ ಇನ್ನೊಂದು ಪ್ರತಿಯನ್ನು ಅಳಿಸುತ್ತವೆ. ಎರಡನೆಯದಂತೂ ಗಡಿಯಾರವನ್ನು ನಂಬುತ್ತದೆ. ಒಂದು ಸರ್ವರಿನ ಸಮಯ ಮುಂದೆ ಓಡಿದ್ದರೆ ಹಳೆಯದೇ ಹೊಸದಾಗಿ ಗೆಲ್ಲುತ್ತದೆ. ಆದ್ದರಿಂದ ಆಜ್ಞೆ ಕೊಡುವ ಮೊದಲು ಎರಡೂ ಬ್ರಿಕ್ಕುಗಳಿಂದ ಆ ಫೈಲನ್ನು ನಕಲು ಮಾಡಿ ಬೇರೆಡೆ ಇಡಬೇಕು, ಸಾಲು ಸಾಲಾಗಿ ಹೋಲಿಸಬೇಕು. ಅವಸರದಲ್ಲಿ ಇದನ್ನು ಬಿಟ್ಟುಬಿಡುವವರೇ ಜಾಸ್ತಿ.

ಕಾಯಿಲೆ ಬಾರದಂತೆ ತಡೆಯಲು ‘ಆರ್ಬಿಟರ್’ ಎಂಬ ಮೂರನೆಯ ಬ್ರಿಕ್ ಸಾಕು. ಅದರಲ್ಲಿ ಫೈಲುಗಳ ಹೆಸರು, ಗುರುತುಗಳಷ್ಟೇ ಇರುತ್ತವೆ, ಒಳಗಿನ ಮಾಹಿತಿ ಇರುವುದಿಲ್ಲ. ಡಿಸ್ಕಿನ ಖರ್ಚು ಅತ್ಯಲ್ಪ. ಮೂರರಲ್ಲಿ ಎರಡಾದರೂ ಕೈಗೆ ಸಿಗದಿದ್ದರೆ ಬರೆಯಲು ಬಿಡುವುದೇ ಇಲ್ಲ. ಬಳಕೆದಾರರು ಫೋನು ಮಾಡಿ ರೇಗುತ್ತಾರೆ. ರೇಗಲಿ.