ಒಎಲ್‌ಇಡಿ ಪದರಗಳು ಮತ್ತು ಬೆಳಕಿನ ಇಳುವರಿ

'''ಒಎಲ್‌ಇಡಿ''' ಅಥವಾ ಸಾವಯವ ಬೆಳಕು ಹೊಮ್ಮಿಸುವ ಡಯೋಡ್ ಎಂಬುದು ವಿದ್ಯುತ್ ಹರಿದಾಗ ಇಂಗಾಲದ ಸಂಯುಕ್ತಗಳ ತೆಳು ಪದರಗಳಿಂದ ಬೆಳಕು ನೀಡುವ ಸಾಧನ. ಮೊಬೈಲ್ ಮತ್ತು ಟಿವಿ ಪರದೆಗಳಲ್ಲಿ ಇದು ಬಳಕೆಯಲ್ಲಿದೆ. ಇದರ ಬೆಳಕಿನ ಇಳುವರಿಯು ಪದರಗಳ ಸಾಮಗ್ರಿಯನ್ನು ಅವಲಂಬಿಸಿದೆ.

== ಸಾಗಣೆಯ ಪದರಗಳು ==
ಕ್ಯಾಥೋಡ್‌ನಿಂದ ಬರುವ ಎಲೆಕ್ಟ್ರಾನ್‌ಗಳು ಆನೋಡ್‌ನಿಂದ ಬರುವ ಧನ ಆವೇಶಗಳನ್ನು ಸಂಧಿಸಿದಾಗ ಬೆಳಕು ಹುಟ್ಟುತ್ತದೆ. ಪದರ ಒಂದೇ ಇದ್ದರೆ ಅನೇಕ ಆವೇಶಗಳು ಸಂಧಿಸದೆ ವ್ಯರ್ಥವಾಗುತ್ತವೆ. 1987ರಲ್ಲಿ ಈಸ್ಟ್‌ಮನ್ ಕೊಡಾಕ್ ಸಂಸ್ಥೆಯ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಧನ ಆವೇಶಗಳ ಸಾಗಣೆಗೆ ಡೈಅಮೀನ್ ಪದರವನ್ನೂ, ಬೆಳಕು ಹೊಮ್ಮಿಸಲು ಅಲ್ಯೂಮಿನಿಯಂ ಸಂಕೀರ್ಣದ ಪದರವನ್ನೂ ಬಳಸಿ, 10 ವೋಲ್ಟ್‌ಗಿಂತ ಕಡಿಮೆ ವಿಭವದಲ್ಲಿ ಪ್ರಖರ ಹಸಿರು ಬೆಳಕನ್ನು ಪಡೆದರು.

== ಬೆಳಗುವ ಪದರ ==
ಆವೇಶಗಳು ಕೂಡಿದಾಗ, ಸ್ಪಿನ್ ಲೆಕ್ಕದಂತೆ, ಉದ್ರೇಕಿತ ಸ್ಥಿತಿಗಳಲ್ಲಿ 25% ಸಿಂಗ್ಲೆಟ್, 75% ಟ್ರಿಪ್ಲೆಟ್ ಆಗಿರುತ್ತವೆ. ಸಾಧಾರಣ ಸಾವಯವ ವಸ್ತುಗಳಲ್ಲಿ ಟ್ರಿಪ್ಲೆಟ್‌ಗಳ ಶಕ್ತಿ ಬಹುಮಟ್ಟಿಗೆ ಶಾಖವಾಗಿ ನಷ್ಟವಾಗುತ್ತದೆ. ಇರಿಡಿಯಂ ಅಥವಾ ಪ್ಲಾಟಿನಂ ಸಂಯುಕ್ತಗಳನ್ನು ಬೆರೆಸಿದರೆ ಅದೂ ಬೆಳಕಾಗುತ್ತದೆ. ಆದರೆ ಈ ಬಗೆಯ ನೀಲಿ ಸಾಮಗ್ರಿಗಳ ಬಾಳಿಕೆ ಕಡಿಮೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ರಾಮಶೇಷ ಮತ್ತು ಸಹಲೇಖಕರು 2003ರಲ್ಲಿ ಪ್ರಕಟಿಸಿದ ಸೈದ್ಧಾಂತಿಕ ಅಧ್ಯಯನದ ಪ್ರಕಾರ, ಎಲೆಕ್ಟ್ರಾನ್‌ಗಳ ಪರಸ್ಪರ ಪ್ರಭಾವದಿಂದ ಸಂಯುಗ್ಮಿತ ಪಾಲಿಮರ್‌ಗಳಲ್ಲಿ ಸಿಂಗ್ಲೆಟ್‌ಗಳ ಪಾಲು 25% ಮೀರಬಲ್ಲದು.

== ಬೆಳಕು ಹೊರಬರುವಿಕೆ ==
ಹುಟ್ಟಿದ ಬೆಳಕೆಲ್ಲವೂ ಹೊರಬರುವುದಿಲ್ಲ. ಸಾವಯವ ಪದರಗಳ ವಕ್ರೀಭವನ ಸೂಚ್ಯಂಕ ಸುಮಾರು 1.7, ಗಾಜಿನದು ಸುಮಾರು 1.5. ಆದ್ದರಿಂದ ಹೆಚ್ಚಿನ ಬೆಳಕು ಸಂಪೂರ್ಣ ಆಂತರಿಕ ಪ್ರತಿಫಲನಕ್ಕೊಳಗಾಗಿ ಒಳಗೇ ಸಿಲುಕುತ್ತದೆ; ಸರಳ ರಚನೆಯಲ್ಲಿ ಸುಮಾರು 20% ಮಾತ್ರ ಹೊರಬೀಳುತ್ತದೆ. ಬೆಳಕನ್ನು ಚದುರಿಸುವ ಪದರ, ಗಾಜಿನ ಮೇಲಿನ ಸೂಕ್ಷ್ಮ ಮಸೂರಗಳು ಹಾಗೂ ಕಡಿಮೆ ವಕ್ರೀಭವನ ಸೂಚ್ಯಂಕದ ಸಾಮಗ್ರಿಗಳು ಈ ನಷ್ಟವನ್ನು ತಗ್ಗಿಸುತ್ತವೆ. ಆಗ ಅಷ್ಟೇ ಬೆಳಕಿಗೆ ಕಡಿಮೆ ವಿದ್ಯುತ್ ಸಾಕಾಗಿ, ಪರದೆಯ ಬಾಳಿಕೆಯೂ ಹೆಚ್ಚುತ್ತದೆ.