ನಿಂತು ಗುರಿಯಿಡುವುದು ತೋಳಿನ ಕೆಲಸವಲ್ಲ

2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ಮೂರು ಭಂಗಿಗಳ ಫೈನಲ್‌ನಲ್ಲಿ 451.4 ಅಂಕ ಗಳಿಸಿ ಕಂಚು ತಂದರು. ಮೊದಲು ಮಂಡಿಯೂರಿ, ಆಮೇಲೆ ಮಲಗಿ, ಕೊನೆಗೆ ನಿಂತು ಹೊಡೆಯಬೇಕು. ಅವರು ಮೂರನೇ ಸ್ಥಾನಕ್ಕೆ ಏರಿದ್ದು ನಿಂತು ಹೊಡೆಯುವ ಸುತ್ತಿನಲ್ಲಿ, ಎಲ್ಲರೂ ಜಾರುವ ಜಾಗದಲ್ಲಿ.

ಯಾಕೆ ಜಾರುತ್ತಾರೆ? ಮಲಗಿದಾಗ ಮೊಣಕೈಗೆ ನೆಲದ ಆಸರೆ ಇರುತ್ತೆ. ನಿಂತಾಗ ಬಂದೂಕಿನ ಭಾರವೆಲ್ಲ ಎರಡು ಪಾದಗಳ ಮೇಲೆ ತೂಗುತ್ತಿರುತ್ತೆ. 10 ಮೀಟರ್ ಏರ್ ರೈಫಲ್‌ನಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಬರೀ 0.5 ಮಿಲಿಮೀಟರ್. ಒಂದು ಮೀಟರ್ ಉದ್ದದ ಬಂದೂಕಿನ ಮೂತಿ ಕಾಲು ಮಿಲಿಮೀಟರ್ ಸರಿದರೆ ಸಾಕು, ಅಲ್ಲಿ ಎರಡೂವರೆ ಮಿಲಿಮೀಟರ್ ತಪ್ಪುತ್ತೆ.

ಇಷ್ಟು ಸೂಕ್ಷ್ಮ ಕೆಲಸವನ್ನ ಸ್ನಾಯುವಿಗೆ ಒಪ್ಪಿಸಬಾರದು. ಸ್ನಾಯು ದಣಿಯುತ್ತೆ, ದಣಿದರೆ ನಡುಗುತ್ತೆ. ಮೂಳೆ ದಣಿಯಲ್ಲ. ಬಲಗೈಯವರಾದರೆ ಗುರಿಗೆ ಎಡಮಗ್ಗುಲು ತಿರುಗಿಸಿ ನಿಂತು, ಎಡಸೊಂಟವನ್ನು ಕೊಂಚ ಮುಂದಕ್ಕೆ ತಂದು, ಎಡ ಮೊಣಕೈಯನ್ನು ಸೊಂಟದ ಮೂಳೆಗೋ ಪಕ್ಕೆಗೋ ಆನಿಸುತ್ತಾರೆ. ಬಂದೂಕಿನ ಭಾರ ಸರಿತೂಗಲು ಮೈಯ ಮೇಲ್ಭಾಗ ತುಸು ಹಿಂದಕ್ಕೆ ಬಾಗುತ್ತೆ. ತಲೆಯನ್ನು ಬಂದೂಕಿಗೆ ಬಗ್ಗಿಸಬೇಡಿ, ಬಂದೂಕನ್ನೇ ಕೆನ್ನೆಗೆ ತನ್ನಿ.

ಆಮೇಲೆ ಒಂದು ಪರೀಕ್ಷೆ. ಗುರಿಯಿಟ್ಟು ಕಣ್ಣು ಮುಚ್ಚಿ, ಎರಡು ಸಲ ಉಸಿರಾಡಿ, ಕಣ್ಣು ತೆರೆಯಿರಿ. ಮೂತಿ ಪಕ್ಕಕ್ಕೆ ಹೋಗಿದ್ದರೆ ಕೈಯಿಂದ ಎಳೆದು ತರಬೇಡಿ, ಪಾದ ಸರಿಸಿ. ಕೈಯಿಂದ ಎಳೆದು ತಂದ ಗುರಿ ಕುದುರೆ ಒತ್ತುವ ಕ್ಷಣದಲ್ಲಿ ವಾಪಸ್ ಓಡಿಹೋಗುತ್ತೆ. ಇದೊಂದನ್ನು ಕಲಿತರೆ ಅರ್ಧ ಕೆಲಸ ಮುಗಿದ ಹಾಗೆ ಅನ್ನೋದು ನನ್ನ ಅಭಿಪ್ರಾಯ.

ನನಗೆ ಸಿಟ್ಟು ಬರೋದು ಇಲ್ಲಿ. ತರಬೇತಿ ಕೇಂದ್ರವೊಂದರಲ್ಲಿ ಹನ್ನೆರಡರ ಹುಡುಗಿಗೆ ಗಂಟೆಗಟ್ಟಲೆ "ಅಲ್ಲಾಡಬೇಡ, ಅಲ್ಲಾಡಬೇಡ" ಅಂತ ಗದರಿಸುತ್ತಿದ್ದದ್ದನ್ನು ನೋಡಿದ್ದೇನೆ. ಅಲ್ಲಾಡದೆ ನಿಲ್ಲಲು ಯಾರಿಗೂ ಸಾಧ್ಯವಿಲ್ಲ, ಒಲಿಂಪಿಕ್ಸ್‌ಗೆ ಹೋದವರಿಗೂ. ಎದೆಬಡಿತವೇ ಬಂದೂಕನ್ನು ಅಲುಗಿಸುತ್ತೆ. ಅಭ್ಯಾಸದಿಂದ ಆ ಓಲಾಟ ಚಿಕ್ಕದಾಗುತ್ತೆ, ನಿಲ್ಲೋದಿಲ್ಲ. ಚುಕ್ಕೆ ನಡುವೆ ಬಂದ ಗಳಿಗೆಗೆ ಹೊಂಚುಹಾಕಿ ಕುದುರೆಯನ್ನು ಥಟ್ಟನೆ ಎಳೆದರೆ ಗುಂಡು ಎಲ್ಲೋ ಹೋಗುತ್ತೆ. ಓಲಾಟವನ್ನು ಒಪ್ಪಿಕೊಂಡು, ಮೆಲ್ಲಗೆ ಒತ್ತಡ ಹೆಚ್ಚಿಸುತ್ತಾ ಹೋಗಬೇಕು, ಗುಂಡು ಹೊರಟ ಮೇಲೂ ಒಂದೆರಡು ಸೆಕೆಂಡು ಹಾಗೇ ನೋಡುತ್ತಿರಬೇಕು. ಇದನ್ನು ಹೇಳದೆ ಗದರಿಸಿದರೆ ಮಗು ಉಸಿರು ಬಿಗಿಹಿಡಿದು, ಮೈ ಸೆಟೆಸಿ ಇನ್ನೂ ಜಾಸ್ತಿ ನಡುಗುತ್ತೆ. ತನ್ನ ಕೈಯೇ ಸರಿಯಿಲ್ಲ ಅಂದುಕೊಂಡು ಒಂದು ದಿನ ಬರೋದನ್ನೇ ನಿಲ್ಲಿಸುತ್ತೆ.

ಕೊಡಗಿನ ಕೈಲ್‌ಪೊಳ್ದ್‌ನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವುದು ಬೇರೆ ಲೆಕ್ಕ ಬಿಡಿ. ಕಾಯಿ ದೊಡ್ಡದು, ಬೇಗ ಹೊಡೆದರೂ ನಡೆಯುತ್ತೆ.

ಹತ್ತು ಸೆಕೆಂಡಿನೊಳಗೆ ಗುಂಡು ಹೊರಡದಿದ್ದರೆ ಬಂದೂಕು ಇಳಿಸಿ, ಉಸಿರಾಡಿ, ಮತ್ತೆ ಎತ್ತಿ. ಹೀಗೆ ಇಳಿಸಿದ ಮಗುವನ್ನು ಬೈಯದೆ ಶಹಭಾಸ್ ಅನ್ನಿ. ಹಿಂದಕ್ಕೆ ಬಾಗುವ ಈ ಭಂಗಿ ಕೆಳಬೆನ್ನಿಗೆ ಭಾರ, ಬೆಳೆಯುವ ಮಕ್ಕಳಿಗೆ ಇನ್ನೂ ಹೆಚ್ಚು. ದುಬಾರಿ ರೈಫಲ್ ಕೊಡಿಸುವ ಮೊದಲು, ಕೋಚ್ ಬೆನ್ನಿಗೆ ಏನು ವ್ಯಾಯಾಮ ಮಾಡಿಸ್ತಾರೆ ಅಂತ ಕೇಳಿ.